ಧಾರಾವಿಯಲ್ಲಿ ಜ್ವರ ಬಾರದ ಕೂಸು

ವಿಲೆ ಪಾರ್ಲೆಯಿಂದ ಮಾಹಿಮ್‌ಗೆ ಲೋಕಲ್ ಟಿಕೆಟ್ಟು ಐದು ರೂಪಾಯಿ. ಧಾರಾವಿಯ ಅಂಗನವಾಡಿಯ ಸುನೀತಾ, ಒಂದು ಕೂಸು ಮಂಕಾಗಿದೆ, ತಾಯಿಯ ಮಾತು ನನಗೆ ತಿಳಿಯುತ್ತಿಲ್ಲ, ಬೇಗ ಬನ್ನಿ ಎಂದು ಫೋನ್ ಮಾಡಿದ್ದಳು. ನಾನು ಗರ್ದಿ ಇಳಿಯಲಿ ಎಂದು ನಿಧಾನವಾಗಿ ತಿಂಡಿ ಮುಗಿಸಿ ಹನ್ನೊಂದಕ್ಕೆ ಹೊರಟೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಸುನೀತಾಳಿಗೆ ಕನ್ನಡ ಬಾರದು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಾಗಮ್ಮನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ನಡುವೆ ನಾನು, ಉಡುಪಿಯ ಮಾತಿನಮಲ್ಲಿ, ಈ ಊರಲ್ಲಿ ಮೂವತ್ತು ವರ್ಷ ಕಳೆದವಳು. ಮೂರು ದಿನದ ಹಿಂದೆ ನಾಗಮ್ಮನ ಒಂದೂವರೆ ವರ್ಷದ ಮಗಳು ರೇಣುಕಾಳ ತೋಳಿಗೆ ಅಳತೆಪಟ್ಟಿ ಸುತ್ತಿದಾಗ ಕೆಂಪು ಬಣ್ಣ ತೋರಿಸಿತ್ತು. ತೀವ್ರ ಅಪೌಷ್ಟಿಕತೆ. ಪೌಷ್ಟಿಕ ಆಹಾರದ ಪೊಟ್ಟಣಗಳ ಜೊತೆ ಆಂಟಿಬಯೋಟಿಕ್ ಸಿರಪ್ಪನ್ನೂ ಕೊಟ್ಟಿದ್ದರು. ಅದರ ವಿಷಯ ಫೋನಿನಲ್ಲಿ ಕನ್ನಡಕ್ಕೆ ತಂದು ಹೇಳಿದವಳು ನಾನೇ.

ಸ್ಟೇಷನ್ನಿನಲ್ಲಿ ಸುನೀತಾ ಕಾದಿದ್ದಳು. ಸೇತುವೆ ದಾಟಿ, ಸುಡುವ ಸೆಕೆಯಲ್ಲಿ, ಚರ್ಮದ ಕಾರ್ಖಾನೆಗಳ ಗಲ್ಲಿಗಳಲ್ಲಿ ಕಾಲು ಗಂಟೆ ನಡೆದೆವು. ನಾಗಮ್ಮನ ಒಂದೇ ಕೋಣೆಯ ಖೋಲಿಯೊಳಗೆ ಕೂಸು ಚಾಪೆಯ ಮೇಲೆ ಸುಮ್ಮನೆ ಮಲಗಿತ್ತು.

"ಬರ್ರಿ ಅಕ್ಕಾರ. ಈಗ ಅಳಂಗಿಲ್ಲರಿ, ಭಾಳ ಶಾಣೇಕಿ ಆಗ್ಯಾಳ," ಎಂದಳು ನಾಗಮ್ಮ.

ಔಷಧ ಎಲ್ಲಿ ಎಂದೆ. ದೇವರ ಫೋಟೋದ ಹಿಂದಿನಿಂದ ಸೀಲು ಒಡೆಯದ ಬಾಟಲಿ ತೆಗೆದಳು.

"ನೀವ ಜರದ ಔಷಧ ಅಂದಿದ್ರಲ್ಲರಿ. ಜರಾನೇ ಬರಲಿಲ್ಲ. ಮುಟ್ಟಿ ನೋಡ್ರಿ, ಮೈ ತಣ್ಣಗದ."

ಮುಟ್ಟಿದೆ. ಹೌದು, ತೀರಾ ತಣ್ಣಗಿತ್ತು. ಸುನೀತಾಳ ಮುಖ ಕಪ್ಪಿಟ್ಟಿತು. ಇಷ್ಟು ಸೊರಗಿದ ಮಕ್ಕಳಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದಿಲ್ಲ, ಮೈ ತಣ್ಣಗಾಗುತ್ತದೆ, ಅದಕ್ಕೇ ಜ್ವರವಿರಲಿ ಬಿಡಲಿ ಐದು ದಿನ ಕೊಡಿ ಎನ್ನುವುದು ಎಂದಳು. ಫೋನಿನಲ್ಲೂ ಅವಳು ಇದನ್ನೇ ಹೇಳಿದ್ದಳು. ಅಷ್ಟುದ್ದ ಯಾಕೆಂದು ನಾನು 'ಜ್ವರದ ಔಷಧ' ಎಂದು ಮುಗಿಸಿಬಿಟ್ಟಿದ್ದೆ.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಇಪ್ಪತ್ತು ನಿಮಿಷ. ನಾಗಮ್ಮ ಕೂಸನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡಿದ್ದಳು. ಡಾಕ್ಟರ್ ಇಂಜೆಕ್ಷನ್ ಕೊಡುತ್ತಲೇ ಮರಾಠಿಯಲ್ಲಿ ಸಿಡುಕಿದರು: ಸಿರಪ್ ಯಾಕೆ ಕುಡಿಸಲಿಲ್ಲ?

"ಅವಳಿಗೆ ತಿಳಿಯಲಿಲ್ಲ," ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡರು. ಆಮೇಲೆ ದನಿ ತಗ್ಗಿಸಿ, ಮಗು ಉಳಿಯುವುದು ಕಷ್ಟ, ತಾಯಿಗೆ ತಿಳಿಸಿ ಎಂದರು.

"ಇಂಜೆಕ್ಷನ್ ಕೊಟ್ಟಿದ್ದಾರೆ," ಎಂದಷ್ಟೇ ನಾಗಮ್ಮನಿಗೆ ಹೇಳಿ ಹೊರಟೆ. ಅವಳು ನನ್ನ ಕೈ ಹಿಡಿದುಕೊಂಡಳು. "ನೀವಿದ್ದದ್ದಕ್ಕ ಎಲ್ಲಾ ತಿಳೀತರಿ. ಇಲ್ಲಂದ್ರ ಇಲ್ಲಿ ನನಗ ಯಾರದಾರ?"

ಆಸ್ಪತ್ರೆ ಹತ್ತಿರದ ಸ್ಟೇಷನ್ನಿನ ಮೆಟ್ಟಿಲವರೆಗೆ ನಡೆದೆ. ಹತ್ತಲಾಗಲಿಲ್ಲ. ತಿರುಗಿ ಬಂದು ಮೊದಲು ಡಾಕ್ಟರಿಗೆ, ತಪ್ಪು ನನ್ನದು, ಬರೆದದ್ದನ್ನು ಹೊಡೆದುಹಾಕಿ ಎಂದೆ. ಮತ್ತೆ ಮಂಚದ ಹತ್ತಿರ ಹೋಗಿ ನಾಗಮ್ಮನಿಗೂ ಹೇಳಿದೆ. ನೀನು ನಾನು ಹೇಳಿದಂತೆಯೇ ಮಾಡಿದೆ, ತಪ್ಪು ಹೇಳಿದವಳು ನಾನು.

ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ಕೂಸಿನ ಪಾದ ಉಜ್ಜಿ ಸೆರಗು ಹೊದಿಸಿದಳು.

"ಹಂಗಾದ್ರ ಈಗರೆ ಖರೇ ಹೇಳ್ರಿ ಅಕ್ಕಾರ," ಎಂದಳು. "ಡಾಕ್ಟರು ಏನಂದ್ರು?"

ಈ ಸಲ ಏನನ್ನೂ ಬಿಡದೆ ಹೇಳಿದೆ.