ಮುಬಶೀರನ ಮಣಿಕಟ್ಟು

ಸವಣೂರಿನ ಬಸ್ ನಿಲ್ದಾಣದ ಪಕ್ಕ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವ ಮುಬಶೀರ ಅರ್ಧ ತಾಸಿಗೊಮ್ಮೆ ಕೆಲಸ ನಿಲ್ಲಿಸಿಬಿಡುತ್ತಾನೆ. ವರನ ಹೆಸರು ಅರ್ಧಕ್ಕೇ ನಿಂತರೂ ಸರಿ, ಮುಷ್ಟಿ ಬಿಚ್ಚಿ, ಮಣಿಕಟ್ಟು ತಿರುಗಿಸಿ, ಎರಡೂ ಕೈಗಳನ್ನು ಗಾಳಿಯಲ್ಲಿ ಕೊಡವುತ್ತಾನೆ. ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ಕರೆಯುತ್ತಿದ್ದಾನೋ ಓಡಿಸುತ್ತಿದ್ದಾನೋ ತಿಳಿಯದು. ಅವಸರ ಮಾಡಿದರೆ, "ಮೊದಲ ಕೈ, ಆಮ್ಯಾಲ ಕಾಗದ. ನೀವೂ ಬೆರಳು ಬಿಚ್ಚಿ ಮುಚ್ರಿ" ಎಂದು ಗಂಟುಬೀಳುತ್ತಾನೆ. ಮೊನ್ನೆ ಅರ್ಜಿ ಟೈಪು ಮಾಡಿಸಲು ಬಂದಿದ್ದ ಯಲವಿಗಿಯ ಮುದುಕಿ ಭರಮವ್ವ ರೇಗಿದಳು: "ಬಸ್ ಹೊಂಟೈತಿ, ನಿಂದೇನೋ ಕುಣಿತ?" ಮುಬಶೀರ ನಗುತ್ತಲೇ ಹೇಳಿದ: "ಟೈಪ್ ಮಾಡಿ ಮಾಡಿ ಕೈಯಾಗ ಕಸುವ ಉಳಿದಿದ್ದಿಲ್ಲಬೇ. ಮಗಳು ಹುಟ್ಟಿದಾಗ ಎಲ್ಲಾರೂ ಎತ್ತಿಕೊಂಡ್ರು, ನಾ ಬರೇ ನೋಡ್ಕೋತ ನಿಂತೆ." ಭರಮವ್ವ ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕುಳಿತಳು. "ತಿರುವಪಾ, ಸಾವಕಾಶ ತಿರುವು. ಬಸ್ ಇನ್ನೊಂದು ಬರ್ತೈತಿ."