ಇನ್ನೂರೈವತ್ತೈದರ ಮೇಲಿನ ನೀರು

ಬಂಟ್ವಾಳ ಪೇಟೆಯಲ್ಲಿ ಉಪ್ಪನ ದಿನಸಿ ಅಂಗಡಿ ನೇತ್ರಾವತಿಗೆ ಬೆನ್ನು ಹಾಕಿ ನಿಂತಿದೆ. ಉಪ್ಪ ಅಂದರೆ ನನ್ನ ತಂದೆ. ಹೊಳೆ ಏರಿದರೆ ಅಕ್ಕಿ, ಸಕ್ಕರೆಯ ಗೋಣಿಗಳು ಅಟ್ಟಕ್ಕೆ ಹೋಗಬೇಕು, ನೀರು ಇಳಿದ ಮೇಲೆ ಕೆಳಗೆ ಬರಬೇಕು. ಯಾವಾಗ ಏರಿಸುವುದು, ಯಾವಾಗ ಇಳಿಸುವುದು ಎಂಬುದೇ ಅವರ ಮಳೆಗಾಲದ ತಲೆಬಿಸಿ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು, ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಅವರಿಗಾಗಿ ಒಂದು ಯಂತ್ರ ಮಾಡಿದೆ. ಹೊಳೆಗಿಳಿಯುವ ಕೊನೆಯ ಮೆಟ್ಟಿಲಿನಿಂದ ನೀರು ಎಷ್ಟು ಸೆಂಟಿಮೀಟರ್ ಏರಿದೆಯೆಂದು ಅದು ಉಪ್ಪನ ಮೊಬೈಲಿಗೂ ನನ್ನ ಮೊಬೈಲಿಗೂ ಕಳಿಸುತ್ತಿತ್ತು.

ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ ಆ ಸಂಖ್ಯೆಗೆ ಎಷ್ಟು ಜಾಗ ಕೊಡಬೇಕೆಂದು ನಮಗೆ ಜಗಳ. ಕೊಕ್ಕಡದ ಕಡೆಯ ಆ ಸಹೋದ್ಯೋಗಿ ಮಹಾ ಜಿಪುಣ.

"ಎಂಟು ಬಿಟ್ ಸಾಕು ಮೇಡಂ. ಸುಮ್ಮನೆ ಯಾಕೆ ಮೂವತ್ತೆರಡು ದಂಡ ಮಾಡುವುದು?"

ಎಂಟು ಬಿಟ್‌ನಲ್ಲಿ ಇನ್ನೂರೈವತ್ತೈದರವರೆಗೆ ಮಾತ್ರ ಹಿಡಿಯುತ್ತದೆ. ದಾಟಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ನಾನು ರೇಗಿದೆ. "ಈ ಪ್ರೊಸೆಸರ್ ಲೆಕ್ಕ ಮಾಡುವುದೇ ಮೂವತ್ತೆರಡು ಬಿಟ್‌ನಲ್ಲಿ ಮಾರಾಯ್ರೆ. ಸಾವಿರಗಟ್ಟಲೆ ಸಂಖ್ಯೆ ಕೂಡಿಡುವುದಾದರೆ ಆ ಮಾತು ಬೇರೆ. ಒಂದೇ ಒಂದರಲ್ಲಿ ಉಳಿಸಿ ಏನು ಸಿಗ್ತದೆ ನಿಮಗೆ?"

ಅವರು ತಲೆಯಾಡಿಸಿದರು. ಬದಲಾಯಿಸಲಿಲ್ಲ.

ಆ ಮಳೆಗಾಲದ ಒಂದು ಮಧ್ಯಾಹ್ನ ಊಟಕ್ಕೆ ಹೋಗುವಾಗ ನನ್ನ ಮೊಬೈಲಿನಲ್ಲಿ ಇನ್ನೂರೈವತ್ತು ಇತ್ತು. ಕೈ ತೊಳೆದು ಬಂದು ನೋಡಿದರೆ ಮೂರು. ನೀರು ಇಳಿದದ್ದಲ್ಲ, ಎಣಿಕೆ ಇನ್ನೂರೈವತ್ತೈದು ದಾಟಿತ್ತು. ತಕ್ಷಣ ಅಂಗಡಿಗೆ ಫೋನ್ ಮಾಡಿದೆ.

"ಉಪ್ಪ, ಗೋಣಿ ಎಲ್ಲಿ ಉಂಟು?"

"ಇಳಿಸ್ತಾ ಇದ್ದೇನೆ ಮಗಳೇ. ನೀರು ಮೂರಕ್ಕೆ ಬಂತಲ್ಲ."

"ಅದು ಸುಳ್ಳು. ಹಿಂದಿನ ಬಾಗಿಲು ತೆಗೆದು ನೋಡಿ."

"ತೆಗೆದೇ ಉಂಟು. ನೀರು ಹೊಸ್ತಿಲಿಗೆ ಬಂದಿದೆ."

"ಕಂಡೂ ಇಳಿಸಿದ್ರಾ?"

 ಉಪ್ಪ ಮೆಲ್ಲಗೆ ಹೇಳಿದರು: "ನೀನು ಮಾಡಿದ್ದಲ್ವಾ ಅದು. ನನ್ನ ಕಣ್ಣಿಗೇ ವಯಸ್ಸಾಯ್ತು ಅಂತ ಎಣಿಸಿದೆ."

ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ನನಗೆ ಅಳು ಬಂತು. ಹುಟ್ಟಿದಾಗಿನಿಂದ ಆ ಹೊಳೆಯನ್ನು ನೋಡಿದವರು, ನನ್ನ ಮೇಲಿನ ಪ್ರೀತಿಗೆ ಕಣ್ಣೆದುರಿನ ನೀರನ್ನೇ ನಂಬದೆ ಹೋಗಿದ್ದರು.

ಕೆಳಗಿಟ್ಟ ಸಕ್ಕರೆ ನೀರಾಯಿತು, ಅಟ್ಟದಲ್ಲೇ ಇದ್ದ ಅಕ್ಕಿ ಉಳಿಯಿತು. ಸಹೋದ್ಯೋಗಿ ಮುಖ ಸಣ್ಣದು ಮಾಡಿಕೊಂಡು ಮೂವತ್ತೆರಡು ಬಿಟ್ ಹಾಕಿದರು. ನಾನು ಒಂದು ಸಾಲು ಸೇರಿಸಿದೆ. ಈಗ ಪ್ರತಿ ಸಲವೂ ಸಂಖ್ಯೆಯ ಕೆಳಗೆ ಅದು ಉಪ್ಪನ ಮೊಬೈಲಿಗೆ ಬರುತ್ತದೆ: ಹಿಂದಿನ ಬಾಗಿಲಲ್ಲಿ ನಿಮಗೆ ಕಂಡದ್ದೇ ಸರಿ.