ಗೇಟು ತೆರೆಯುವ ಪಾತ್ರ

ಸಿನಿಮಾ ನೋಡುವಾಗ ಗೇಟು ತೆರೆಯುವವರ ಮುಖವನ್ನು ಗಮನಿಸುವುದು ನನಗಂಟಿದ ಚಟ. ನಾಯಕನ ಕಾರು ಬಂಗಲೆಯೊಳಗೆ ನುಗ್ಗುವ ಆ ಎರಡು ಕ್ಷಣಗಳಲ್ಲಿ ಸೆಲ್ಯೂಟು ಹೊಡೆದು ಮಾಯವಾಗುವ ವ್ಯಕ್ತಿ ಬಹುತೇಕ ಸಣ್ಣ ಕಣ್ಣು, ಚಪ್ಪಟೆ ಮೂಗಿನವನಾಗಿರುತ್ತಾನೆ. ಅಂಥ ಮುಖ ಹೆಣ್ಣಿನದಾದರೆ, ಆಕೆ ಬ್ಯೂಟಿ ಪಾರ್ಲರಿನಲ್ಲಿ ನಾಯಕಿಯ ಹುಬ್ಬು ತಿದ್ದುತ್ತಿರುತ್ತಾಳೆ. ಇಬ್ಬರಿಗೂ ಮಾತಿಲ್ಲ. ಹೈದರಾಬಾದಿನ ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದೇ ವಿಷಯದ ಮೇಲೆ ನಾನು ನಲವತ್ತು ಪುಟಗಳ ಪ್ರಬಂಧ ಬರೆದಿದ್ದೆ. ಪ್ರಬಂಧ ಬರೆದವರಿಗೆ ಆ ಪಾಪ ತಟ್ಟುವುದಿಲ್ಲವೆಂಬ ಭರವಸೆ, ನಮ್ಮ ಸಿಕಂದರಾಬಾದಿನ ಕನ್ನಡ ಸಂಘಕ್ಕೆ ನಾಟಕ ಬರೆದುಕೊಡುವ ತನಕ ಚೆನ್ನಾಗಿಯೇ ಇತ್ತು.

ಅದೊಂದು ಅತ್ತೆ-ಸೊಸೆಯರ ಪ್ರಹಸನ. ಅತ್ತೆ ಗಂಗವ್ವನ ಪಾತ್ರ ದೇಸಾಯಿಯವರಿಗೆಂದು ಬರೆಯುವ ಮೊದಲೇ ನಿಶ್ಚಯವಾಗಿತ್ತು. ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ, ಆರಡಿ ಎತ್ತರದ ಈ ಗೃಹಸ್ಥರು ವರ್ಷಕ್ಕೊಮ್ಮೆ ಮೀಸೆ ಬೋಳಿಸಿ ಇಳಕಲ್ ಸೀರೆ ಉಟ್ಟು ವೇದಿಕೆಗೆ ಬಂದರೆ, ಸಭೆ ಅವರನ್ನು ಮರುಮಾತಿಲ್ಲದೆ ಹೆಂಗಸೆಂದು ಒಪ್ಪಿಕೊಳ್ಳುತ್ತಿತ್ತು. ಇದೇ ದೇಸಾಯಿಯವರು ಒಮ್ಮೆ ನನ್ನ ಮಗಳ ಕೋಣೆಯಲ್ಲಿ ಕೊರಿಯಾದ ನಟನೊಬ್ಬನ ಚಿತ್ರ ಕಂಡು, "ಗಂಡಸಾಗಿ ತುಟಿಗೆ ಬಣ್ಣ ಹಚ್ಚ್ಯಾನಲ್ಲವಾ, ಕಾಲ ಭಾಳ ಕೆಟ್ಟೈತಿ" ಎಂದು ಮರುಗಿದ್ದರು.

"ನೀವು ಹಚ್ಚೋದು ಯಾವ ಕಂಪನಿದು ಅಜ್ಜಾ?" ಎಂದಳು ಮಗಳು.

ಈಗ ಮೇಮಾಳ ವಿಷಯ. ಹುಟ್ಟಿದ್ದು ಮಣಿಪುರದಲ್ಲಿ, ಸೇರಿದ್ದು ಹುನಗುಂದದ ಮನೆತನವನ್ನು. ಅತ್ತೆ ಶಾಂತವ್ವನವರೊಂದಿಗೆ ಹತ್ತು ವರ್ಷಗಳಿಂದ ಒಂದೇ ಅಡುಗೆಮನೆ. ಆಕೆಗೆ ನಾನು ಕೊಟ್ಟದ್ದು ಗೂರ್ಖಾನ ಪಾತ್ರ. ಹೆಣ್ಣಿಗೆ ಗಂಡಿನ ವೇಷ ಕೊಟ್ಟೆನೆಂದು ಹೆಮ್ಮೆಯನ್ನೂ ಪಟ್ಟೆ.

ಮೇಮಾ ಹಾಳೆಗಳನ್ನು ಎರಡು ಸಲ ತಿರುವಿದಳು. "ಇದರಾಗ ನಾ ಎಲ್ಲಿ ಮಾತಾಡ್ತೀನ್ರಿ ಮೇಡಂ?"

"ಮಾತಿಲ್ಲ. ಗೇಟು ತೆಗೆದರೆ ಸಾಕು."

"ಗೇಟು ತೆಗ್ಯಾಕ ತಾಲೀಮು ಯಾಕ ಬೇಕ್ರಿ?"

ಎಲ್ಲರೂ ನಕ್ಕರು, ಆಕೆಯೊಬ್ಬಳನ್ನು ಬಿಟ್ಟು. "ನನಗ ಗಂಗವ್ವನ ಪಾತ್ರ ಬೇಕ್ರಿ. ಸಂಘದಾಗ ನಾ ಬಾಯಿ ತೆಗದ್ರ ಗಿಣಿ ಮಾತಾಡಿದಂಗ ನೋಡ್ತಾರ. ಏನಂದೆ ಅಂತ ಯಾರೂ ಕೇಳೂದಿಲ್ಲ. ಒಮ್ಮೆರೆ ಕೇಳಲಿ."

ಆಗ ನಾನು, ನಲವತ್ತು ಪುಟಗಳ ಲೇಖಕಿ, ಬಹಳ ಮೃದುವಾಗಿ ಹೇಳಿದೆ: "ಹಾಗಲ್ಲಮ್ಮ, ಪಾತ್ರಕ್ಕೆ ಮುಖ ಹೊಂದಬೇಕಲ್ಲ." ಪಕ್ಕದಲ್ಲೇ ದೇಸಾಯಿಯವರು ತಮ್ಮ ಮೀಸೆಯನ್ನು ನೀವಿಕೊಳ್ಳುತ್ತ ಕುಳಿತಿದ್ದರು.

ಮರುದಿನ ದೇಸಾಯಿಯವರ ಕ್ಯಾಬು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅವರು ಬರುವವರೆಗೆ ಗಂಗವ್ವನ ಮಾತುಗಳನ್ನು ಓದಲು ಮೇಮಾಳಿಗೇ ಹೇಳಿದೆವು. ಮೈಸೂರಿನವಳಾದ ನಾನು ಉತ್ತರ ಕರ್ನಾಟಕದ ಅತ್ತೆಗೆ ಬರೆದಿದ್ದ ಬೈಗುಳವನ್ನು ಆಕೆ ಒಂದು ಸಾಲು ಓದಿ ನಿಲ್ಲಿಸಿದಳು. "ಯಾವ ಅತ್ತಿನೂ ಹಿಂಗ ಬಯ್ಯೂದಿಲ್ರಿ. 'ದಯವಿಟ್ಟು' ಅಂತ ಬೈತಾರೇನ್ರಿ?" ಎಂದವಳೇ ಹಾಳೆ ಕೆಳಗಿಟ್ಟು ತಾನೇ ಬೈಯತೊಡಗಿದಳು. ಬಾಗಿಲಲ್ಲಿ ಬಂದು ನಿಂತಿದ್ದ ದೇಸಾಯಿಯವರು ಪೂರ್ತಿ ಕೇಳಿಸಿಕೊಂಡರು.

"ಆಕಿನ ಮಾಡ್ಲಿ. ಗೇಟು ನಾ ತೆಗೀತೀನಿ, ಮೀಸಿನೂ ಉಳೀತೈತಿ."

ಪಾತ್ರ ಬದಲಾಯಿಸಿದ್ದು ನಾನೇ ಎಂದು ಬಹಳ ದಿನ ನಂಬಿದ್ದೆ. ನೆನಪಿನ ಮೇಲೆ ನನಗೆ ವಿಶ್ವಾಸವಿಲ್ಲವೆಂದೇ ದಿನಚರಿ ಬರೆಯುವುದು. ತೆಗೆದು ನೋಡಿದರೆ ಅಲ್ಲಿಯೂ "ನನ್ನ ಸಲಹೆಯಂತೆ ಪಾತ್ರ ಬದಲಾಯಿತು" ಎಂದಿದೆ. ದೇಸಾಯಿಯವರಿಗೆ ತೋರಿಸಿದೆ. "ಬರದಾವ್ರು ಯಾರ್ರಿ?" ಎಂದಷ್ಟೇ ಕೇಳಿ ಚಹಾ ಕುಡಿದರು.

ನಾಟಕದ ದಿನ ಮೇಮಾ ಇಳಕಲ್ ಸೀರೆಯುಟ್ಟು ವೇದಿಕೆಗೆ ಬಂದಾಗ ಸಭೆಯಲ್ಲಿ ಪಿಸುಗುಟ್ಟಿದರು, ಯಾರೋ ಕಿಸಕ್ಕೆಂದರು. ಪರದೆಯ ಮರೆಯಲ್ಲಿದ್ದ ನನಗೆ, ಮುಖ ಹೊಂದಬೇಕೆಂಬ ನನ್ನ ಮಾತೇ ನಿಜವಾಗಿಬಿಡುವುದೇನೋ ಎಂಬ ದಿಗಿಲು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ದಿಗಿಲಿನೊಳಗೆ ಎಲ್ಲೋ ಒಂದೆಳೆ ಸಮಾಧಾನವೂ ಇತ್ತು. ಆಕೆ ಸೆರಗು ಸಿಕ್ಕಿಸಿ, ಸೊಸೆಯ ಪಾತ್ರಧಾರಿಯ ಕಡೆಗೆ ಬೆನ್ನು ಮಾಡಿ, ಗೋಡೆಯನ್ನು ನೋಡುತ್ತ ಗೋಡೆಗೇ ಬೈಯತೊಡಗಿದಳು. ಆಮೇಲೆ ಹೆಂಗಸರ ಸಾಲಿನಿಂದ ನಗೆ ಎದ್ದಿತು. ಆದರೆ ನಕ್ಕವರು ನೋಡುತ್ತಿದ್ದುದು ಮೇಮಾಳನ್ನಲ್ಲ. ಕತ್ತು ಹೊರಳಿಸಿ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಶಾಂತವ್ವನವರನ್ನು.

ನಾಟಕ ಮುಗಿದು ಎಲ್ಲರೂ ಹೊಗಳುತ್ತಿದ್ದಾಗ ಶಾಂತವ್ವನವರು ಬಣ್ಣದ ಕೋಣೆಗೆ ಬಂದರು. ಸೊಸೆಯ ಮುಖ ನೋಡಲಿಲ್ಲ. ಎದುರಿಗಿದ್ದ ಗೋಡೆಗೆ ಹೇಳಿದರು: "ಊರ ಮಂದಿ ಮುಂದ ನನ್ನ ಮರ್ಯಾದಿ ತಗದಳಲ್ಲ. ನಾ ಯಾವತ್ತರೆ ಹಿಂಗ ಬೈದೀನೇನ?"

"ಇಲ್ರಿ ಅತ್ತಿ" ಎಂದಳು ಮೇಮಾ, ತಲೆ ಬಗ್ಗಿಸಿ, ನಗು ತಡೆದುಕೊಳ್ಳುತ್ತ.